ತಕ್ಕಡಿಗೆ ಓದು ಬರುವುದಿಲ್ಲ

ನಮ್ಮ ಮೂಡಲಗಿ, ಗೋಕಾಕ ಕಡೆಯ ಹಳೆಯ ಮನೆಗಳಲ್ಲಿ ಹುಡುಕಿದರೆ ನಾಲ್ಕಾರು ಬೆಳ್ಳಿ ರೂಪಾಯಿಗಳು ಸಿಗುತ್ತವೆ. ರಾಣಿ ಛಾಪು, ರಾಜಾ ಛಾಪು ಎಂದು ಕರೆದು ಅಜ್ಜಿಯಂದಿರು ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟವು. ಮಗಳ ಮದುವೆಗೋ ದವಾಖಾನೆಯ ಖರ್ಚಿಗೋ ಒಂದು ದಿನ ಆ ಗಂಟು ಬಿಚ್ಚಲೇಬೇಕಾಗುತ್ತದೆ. ಆಗ ನಮಗೆ ಗೊತ್ತಿರುವುದು ಪತ್ತಾರರ ಅಂಗಡಿಯೊಂದೇ. ಬ್ರಿಟಿಷರ ಕಾಲದ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತದೆ. ಪತ್ತಾರರು ತೂಗಿ, ಅಂದಿನ ಬೆಳ್ಳಿಯ ದರ ನೋಡಿ ಹಣ ಎಣಿಸಿಕೊಡುತ್ತಾರೆ. ಅವರದೇನೂ ತಪ್ಪಿಲ್ಲ. ತಕ್ಕಡಿಗೆ ಓದು ಬರುವುದಿಲ್ಲ, ಅಷ್ಟೇ.

ನಮ್ಮ ಮನೆಯ ಗಂಟಿನಲ್ಲಿ ಒಂದು ನಾಣ್ಯ ಮಾತ್ರ ಬೇರೆ ಇತ್ತು. ದಪ್ಪ, ಅಂಚು ಓರೆಕೋರೆ, ಮೇಲೆ ಫಾರ್ಸಿ ಅಕ್ಷರ. ಉರ್ದು ಓದಬಲ್ಲ ನಮ್ಮ ಚಾಚಾ ಅದನ್ನು ಬೆಳಕಿಗೆ ಹಿಡಿದು ಕೂಡಿಸಿ ಕೂಡಿಸಿ ಓದಿದರು: ಗೋಕಾಕ! ಔರಂಗಜೇಬನ ಕಾಲದಲ್ಲಿ ಬೆಳಗಾವಿಗೆ ಆಜಂನಗರ ಎಂಬ ಹೆಸರು ಬಂದಿತ್ತು. 18ನೇ ಶತಮಾನದಲ್ಲಿ ಈ ಸೀಮೆ ಮರಾಠರ ಕೈಸೇರಿದರೂ ಇಲ್ಲಿಯ ರೂಪಾಯಿಗಳು ಮೊಗಲ್ ಬಾದಶಹನ ಹೆಸರಿನಲ್ಲೇ ಬಂದವು. ಅವುಗಳ ಮೇಲಿನ ಟಂಕಸಾಲೆಯ ಹೆಸರು 'ಆಜಂನಗರ ಗೋಕಾಕ'. ಕರದಂಟಿಗೂ ಜಲಪಾತಕ್ಕೂ ಹೆಸರಾದ ನಮ್ಮ ಗೋಕಾಕ ಹೀಗೆ ಬೆಳ್ಳಿಯ ಮೇಲೂ ಕುಳಿತಿದೆ.

ಪತ್ತಾರರು ಅದಕ್ಕೆ ಕೊಡಲು ಬಂದದ್ದು ಬೆಳ್ಳಿಯ ಬೆಲೆ. ನಾಣ್ಯ ಸಂಗ್ರಹಿಸುವವರೊಬ್ಬರು ಕೊಡಲು ಬಂದದ್ದು ಅದರ ಹಲವು ಪಟ್ಟು. ಲೋಹ ಅದೇ, ತೂಕ ಅದೇ. ಹಾಗಾದರೆ ಹೆಚ್ಚಿನ ಬೆಲೆ ಎಲ್ಲಿಂದ ಬಂತು?

ಹಳೆಯದಾದ್ದರಿಂದ ಬಂತು ಎಂದು ನಾವು ತಿಳಿಯುತ್ತೇವೆ. ಹಾಗಿಲ್ಲ. ವಿಜಾಪುರದ ಆದಿಲ್‌ಶಾಹಿ ತಾಮ್ರದ ನಾಣ್ಯಗಳಿಗೆ ಮುನ್ನೂರು ವರ್ಷಕ್ಕೂ ಹೆಚ್ಚು ವಯಸ್ಸು. ಆದರೆ ಸವೆದುಹೋದ ಅಂಥವು ರಾಶಿ ರಾಶಿ ಸಿಗುತ್ತವಾದ್ದರಿಂದ ಅಗ್ಗ. ಅದೇ 1939ರ ಜಾರ್ಜ್ ದೊರೆಯ ರೂಪಾಯಿ ನಿನ್ನೆ ಮೊನ್ನೆಯದು, ಆದರೂ ಸಂಗ್ರಾಹಕರು ಅದಕ್ಕಾಗಿ ಪೈಪೋಟಿ ಮಾಡುತ್ತಾರೆ. ಮರುವರ್ಷದಿಂದ ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳಿಯಿತು, 1939ರವು ಉಳಿದದ್ದು ತೀರ ಕಡಿಮೆ. ಇಸವಿಗೊಂದು ನಾಣ್ಯ ಜೋಡಿಸುವವನಿಗೆ ಆ ಒಂದು ಮನೆ ಖಾಲಿ ಬಿಡಲು ಮನಸ್ಸು ಬಾರದು. ಖಾಲಿ ಮನೆಯುಳ್ಳವರು ಇಬ್ಬರು ಹರಾಜಿಗೆ ಬಂದರೆ ಬೆಲೆ ಏರುತ್ತದೆ, ಒಬ್ಬನೇ ಬಂದರೆ ಅಲ್ಲೇ ನಿಲ್ಲುತ್ತದೆ. ಎಲ್ಲೋ ಅಂಥದೇ ನಾಣ್ಯಗಳ ಕೊಡವೊಂದು ಸಿಕ್ಕರೆ ಇಳಿಯುತ್ತದೆ. ಬೇಡಿಕೆ ಹೆಚ್ಚಿದಲ್ಲಿಗೆ ನಕಲಿಯೂ ಬರುತ್ತದೆ. 1939ರ ನಕಲಿಗಳು ಬೇಕಾದಷ್ಟಿವೆ.

ನಮ್ಮ ಗೋಕಾಕದ ನಾಣ್ಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆಗಿನ ಅಚ್ಚು ದೊಡ್ಡದು, ಬೆಳ್ಳಿಯ ಬಿಲ್ಲೆ ಚಿಕ್ಕದು. ಎಷ್ಟೋ ನಾಣ್ಯಗಳಲ್ಲಿ ಊರಿನ ಹೆಸರು ಅರ್ಧ ಬಿದ್ದು ಅರ್ಧ ಹೊರಗುಳಿದಿದೆ. ಹೆಸರು ಪೂರ್ತಿ ಕಾಣುವುದಕ್ಕೆ ಬೆಲೆ ಹೆಚ್ಚು. ಸರಕ್ಕೆಂದು ಕೊಂಡಿ ಬೆಸೆದರೆ, ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿದರೆ ಬೆಲೆ ಕುಸಿಯುತ್ತದೆ. ನಮ್ಮ ತಾಯಂದಿರಿಗೆ ಕೊಳೆ ಎನಿಸುವ ಕಪ್ಪು, ಸಂಗ್ರಾಹಕನಿಗೆ ಅದು ಅಸಲಿಯೆಂಬ ಭರವಸೆ.

ಜನರ ಮನಸ್ಸೂ ನಾಣ್ಯವನ್ನು ಅಪರೂಪ ಮಾಡುತ್ತದೆ. 1911ರಲ್ಲಿ ಐದನೇ ಜಾರ್ಜ್ ದೊರೆಯ ರೂಪಾಯಿ ಬಂದಾಗ ಅವನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡಿತು. ಮುಸಲ್ಮಾನರಿಗೆ ಇದರಿಂದ ನೋವಾಯಿತು. ಸರ್ಕಾರ ಆನೆಯ ಚಿತ್ರ ತಿದ್ದಿ 1912ರಲ್ಲಿ ಹೊಸ ಅಚ್ಚು ತಂದಿತು, ಮೊದಲಿನ ಬಹುಪಾಲು ಕರಗಿತು. ಅಂದು ಬೇಡವಾದದ್ದನ್ನು ಇಂದು ಹುಡುಕಿ ಕೊಳ್ಳುತ್ತಾರೆ. 786 ಸಂಖ್ಯೆಯ ನೋಟಿನ ಕಥೆ ಇದಕ್ಕೆ ತಿರುಗುಮುರುಗು. ಬಿಸ್ಮಿಲ್ಲಾದ ಲೆಕ್ಕವೆಂದು ಹಲವರು ಅದನ್ನು ಜೋಪಾನ ಮಾಡುತ್ತಾರೆ. ಅದು ನಮ್ಮ ಪ್ರೀತಿ. ಆದರೆ 786ರಲ್ಲಿ ಕೊನೆಯಾಗುವ ನೋಟು ಪ್ರತಿ ಸಾವಿರಕ್ಕೊಂದು ಬರುತ್ತದೆ, ಅದು ಲಕ್ಷ ರೂಪಾಯಿ ತರುತ್ತದೆ ಎಂಬುದು ಬರೀ ಮಾತು.

ಈ ಬರೀ ಮಾತಿನಿಂದಲೇ ಬಡವರ ಮನೆ ಹಾಳಾಗುತ್ತಿದೆ. ವೈಷ್ಣೋದೇವಿ ಚಿತ್ರದ 5, 10 ರೂಪಾಯಿಗೆ ಲಕ್ಷ ಕೊಡುತ್ತೇವೆ ಎಂದು ಮೊಬೈಲಿನಲ್ಲಿ ಆಸೆ ಹುಟ್ಟಿಸಿ, ಮೊದಲು ನೋಂದಣಿ ಶುಲ್ಕ ಕಳಿಸಿ ಎನ್ನುವವರಿದ್ದಾರೆ. ಹಳೆಯ ನಾಣ್ಯ, ನೋಟುಗಳ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕಾಗಿ ಶುಲ್ಕವನ್ನೂ ಕೇಳುವುದಿಲ್ಲ, ತನ್ನ ಹೆಸರಿನಲ್ಲಿ ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ನಿಜವಾಗಿ ಕೊಳ್ಳುವವನು ಹಣ ಕೊಡುತ್ತಾನೆ, ಕೇಳುವುದಿಲ್ಲ.

ಒಂದು ಕಡೆ ತಕ್ಕಡಿ, ಇನ್ನೊಂದು ಕಡೆ ಸುಳ್ಳು ಲಕ್ಷ. ಇವೆರಡರ ನಡುವೆ ನಮಗೆ ಬೇಕಾದುದು ಸ್ವಲ್ಪ ತಾಳ್ಮೆ. ಮಾರಬೇಡಿ ಎಂದು ನಾವು ಹೇಳುತ್ತಿಲ್ಲ. ಹಸಿದವನ ಮುಂದೆ ಇತಿಹಾಸದ ಪಾಠ ಸಲ್ಲದು. ಮಾರುವ ಮುನ್ನ ಓದಿಸಿ, ಎರಡೂ ಬದಿಯ ಚಿತ್ರ ತೆಗೆದಿಡಿ, ಇಬ್ಬರು ಮೂವರಲ್ಲಿ ಬೆಲೆ ಕೇಳಿ. ಹೊಲದಲ್ಲಿ ನಿಧಿ ಸಿಕ್ಕರೆ ಮಾತ್ರ ಅದು ನಮ್ಮ ಸ್ವತ್ತಲ್ಲ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಸಂಗ್ರಾಹಕನ ಆಸೆಯನ್ನು ಹುಚ್ಚು ಎಂದು ನಗುವವರಿದ್ದಾರೆ. ಆದರೆ ಆ ಹುಚ್ಚು ಇಲ್ಲದಿದ್ದರೆ ಗೋಕಾಕ ಎಂದು ಬರೆದ ಎಷ್ಟೋ ರೂಪಾಯಿಗಳು ಇಷ್ಟರಲ್ಲಿ ಯಾರದೋ ಕಾಲ್ಗೆಜ್ಜೆಯಾಗಿ ಕರಗಿಹೋಗಿರುತ್ತಿದ್ದವು.