ಮುಂದಿನ ಮನೆ ಕೇಳಿಕೊಂಡು ಹೊರಡಿ

ಲಿನಕ್ಸ್ ಕರ್ನಲ್ಲಿನ ಲಿಂಕ್ಡ್ ಲಿಸ್ಟ್ ಕಂಡಾಗಲೆಲ್ಲ ಲಗ್ನಪತ್ರಿಕೆ ಹಂಚಲು ಹೊರಡುತ್ತಿದ್ದ ನಮ್ಮ ಸೋದರಮಾವ ನೆನಪಾಗುತ್ತಾನೆ. ಅವನ ಹತ್ತಿರ ವಿಳಾಸಗಳ ಪಟ್ಟಿ ಇರುತ್ತಿರಲಿಲ್ಲ. ಒಂದು ಮನೆಯಲ್ಲಿ ಕಾಫಿ ಕುಡಿದು, ಮುಂದಿನ ನೆಂಟರ ಮನೆ ಎಲ್ಲೆಂದು ಅಲ್ಲೇ ಕೇಳಿಕೊಂಡು ಹೊರಡುವುದು. ಕೊನೆಯವರು ನಮ್ಮ ಮನೆಗೇ ದಾರಿ ತೋರಿಸಿದರೆ ಸುತ್ತು ಮುಗಿಯಿತೆಂದು ಲೆಕ್ಕ. ‘ಲಿಸ್ಟ್_ಫಾರ್_ಈಚ್_ಎಂಟ್ರಿ’ ಎಂಬ ಮ್ಯಾಕ್ರೋ ಮಾಡುವುದೂ ಇಷ್ಟೇ.

ಮಾವ ಯಾರ ಮನೆಯನ್ನೂ ಕೆಡವುತ್ತಿರಲಿಲ್ಲ, ನಾವು ಕೆಡವುತ್ತೇವೆ. ನೋಡ್ ಒಂದನ್ನು ಪಟ್ಟಿಯಿಂದ ಬಿಡಿಸಿ, ಅದರ ಮೆಮೊರಿಯನ್ನೂ ಬಿಟ್ಟುಕೊಟ್ಟು, ಆಮೇಲೆ ಅದನ್ನೇ ‘ಮುಂದಿನವರೆಲ್ಲಿ?’ ಎಂದು ಕೇಳುತ್ತೇವೆ. ನಮ್ಮ ಈ ಸ್ವಭಾವ ಕರ್ನಲ್ ಬರೆದವರಿಗೆ ಗೊತ್ತು. ಅದಕ್ಕೇ ‘ಲಿಸ್ಟ್_ಡೆಲ್’ ಬಿಡಿಸಿದ ನೋಡಿನ ಎರಡೂ ಕೊಂಡಿಗಳಿಗೆ ವಿಷ ಹಾಕಿ ಕಳಿಸುತ್ತದೆ. 64 ಬಿಟ್ಟಿನ ಎಕ್ಸ್86 ಯಂತ್ರಗಳಲ್ಲಿ ಆ ವಿಷದ ವಿಳಾಸ ಶುರುವಾಗುವುದೇ ಹೆಕ್ಸ್ ಅಂಕಿಗಳಲ್ಲಿ ಬರೆದ ‘ಡೆಡ್’ನಿಂದ. ಕ್ರ್ಯಾಶ್ ಲಾಗಿನಲ್ಲಿ ಅದನ್ನು ಕಂಡ ಮೇಲೆ ಶವಪರೀಕ್ಷೆಯ ಅಗತ್ಯವೇ ಇಲ್ಲ.

ಇದಕ್ಕೆಂದೇ ಹೆಸರಿನ ಕೊನೆಗೆ ‘ಸೇಫ್’ ಅಂಟಿಸಿಕೊಂಡ ಮ್ಯಾಕ್ರೋ ಇದೆ. ನೀವು ಈ ಮನೆಯಲ್ಲಿ ಕೈಹಾಕುವ ಮೊದಲೇ ಅದು ಮುಂದಿನ ವಿಳಾಸವನ್ನು ಇನ್ನೊಂದು ಪಾಯಿಂಟರಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅಷ್ಟೇ ಅದರ ಸಾಮರ್ಥ್ಯ. ಅಷ್ಟರಲ್ಲಿ ಬೇರೊಂದು ಥ್ರೆಡ್ ಬಂದು ಆ ಮುಂದಿನ ಮನೆಯನ್ನೇ ಕೆಡವಿದರೆ ಅದೇನೂ ಮಾಡಲಾರದು. ಅಲ್ಲಿ ಲಾಕೇ ಬೇಕು. ಇದನ್ನರಿಯದವರು ಕಂಡಲ್ಲೆಲ್ಲ ಸೇಫ್ ಬರೆದು ನಿಶ್ಚಿಂತೆಯಿಂದ ಮಲಗುತ್ತಾರೆ. ಅವರ ಕೋಡ್ ಓದುವವನಿಗೆ ಮಾತ್ರ ನಿದ್ದೆಯಿಲ್ಲ. ಇಲ್ಲದ ಅಳಿಸುವಿಕೆಯನ್ನು ಹುಡುಕುತ್ತಾ ಕೂರಬೇಕು.

ಇನ್ನು ಲೂಪ್ ಮುಗಿದ ಮೇಲಿನ ಫಜೀತಿ. ಹುಡುಕಿದ್ದು ಸಿಗದೆ ಸುತ್ತು ಪೂರ್ತಿಯಾದರೆ ಪಾಯಿಂಟರ್ ನಲ್ ಆಗುವುದಿಲ್ಲ. ಪಟ್ಟಿಯ ತಲೆಯನ್ನೇ ಯಾವುದೋ ಎಂಟ್ರಿಯ ಭಾಗವೆಂದು ನಂಬಿ, ಇಲ್ಲದ ಎಂಟ್ರಿಯತ್ತ ಬೆರಳು ತೋರಿಸುತ್ತಾ ನಿಂತಿರುತ್ತದೆ. ನಲ್ ಆಗಿದೆಯೇ ಎಂದು ಪರೀಕ್ಷಿಸುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಬೇಕಾದದ್ದು ಸಿಕ್ಕ ಕೂಡಲೇ ಬೇರೊಂದು ವೇರಿಯಬಲ್ಲಿಗೆ ಎತ್ತಿಟ್ಟು ಬ್ರೇಕ್ ಮಾಡುವುದೇ ಮರ್ಯಾದಸ್ಥರ ದಾರಿ. 2022ರಲ್ಲಿ ಈ ಬಗ್ಗೆ ಚರ್ಚೆ ಎದ್ದಾಗ ಲಿನಸ್ ಟೋರ್ವಾಲ್ಡ್ಸ್ ಕರ್ನಲ್ಲನ್ನು 1989ರ ಸಿ ಭಾಷೆಯಿಂದ 2011ರದಕ್ಕೆ ದಾಟಿಸಲು ಒಪ್ಪಿದರು. 5.18ನೇ ಆವೃತ್ತಿಯಿಂದ ಲೂಪಿನ ವೇರಿಯಬಲ್ ಲೂಪಿನಲ್ಲೇ ಹುಟ್ಟಿ ಅಲ್ಲೇ ತೀರಿಕೊಳ್ಳಬಹುದು.

ಒಳ್ಳೆಯದೇ ಆಯಿತು. ಆದರೂ ಒಂದು ಚೂರು ಬೇಸರ. ನಮ್ಮ ಕಾಲದಲ್ಲಿ ವೇರಿಯಬಲ್‌ಗಳೆಲ್ಲ ಫಂಕ್ಷನ್ನಿನ ತಲೆಯಲ್ಲೇ ಸಾಲಾಗಿ ನಿಂತು ಹಾಜರಿ ಹಾಕುತ್ತಿದ್ದವು. ಒಳಗೆ ಯಾರ್ಯಾರು ಬರುತ್ತಾರೆಂದು ಮೊದಲೇ ಗೊತ್ತಾಗುತ್ತಿತ್ತು. ಮೊನ್ನೆ ತಂಡದ ಹುಡುಗನೊಬ್ಬನಿಗೆ ಇದನ್ನೇ ಹೇಳಿದೆ.

“ಅವ್ರಲ್ಲಿ ಅರ್ಧ ಜನ ಬರ್ತಾನೇ ಇರ್ಲಿಲ್ವಲ್ಲ ಸರ್? ಕಂಪೈಲರ್ ‘ಅನ್‌ಯೂಸ್ಡ್’ ಅಂತ ಬೈತಿತ್ತಂತೆ!”

“ಹೌದು ಕಣಪ್ಪಾ,” ಎಂದೆ, “ಆದ್ರೆ ಬರದೇ ಇದ್ದೋರ ಹೆಸರೂ ನಮಗೆ ಗೊತ್ತಿರ್ತಿತ್ತು.”