ಚಂದ್ರಗ ಬೆನ್ನಿಲ್ಲೇನು?

ಈ ಪ್ರಶ್ನೆ ನನ್ನದಲ್ಲ, ಸೇಡಂನಲ್ಲಿರುವ ನಮ್ಮಣ್ಣನ ಮಗಳದ್ದು. "ಕಾಕಾ, ಚಂದ್ರಗ ಬೆನ್ನಿಲ್ಲೇನು? ಯಾವಾಗ ನೋಡಿದ್ರೂ ಅದೇ ಮಾರಿ ತೋರಸ್ತಾನ" ಅಂತ ಫೋನಿನಲ್ಲಿ ಕೇಳಿದಳು. ಪಕ್ಕದಲ್ಲಿದ್ದ ಅಣ್ಣ "ಅಂವ ತನ್ನ ಸುತ್ತ ತಿರುಗಂಗಿಲ್ಲ, ಅದಕ್ಕ" ಅಂತ ಕೂಗಿ ಹೇಳಿದ. ನಿಮ್ಮಲ್ಲೂ ಅರ್ಧ ಜನ ಹೀಗೇ ಅಂದುಕೊಂಡಿರುತ್ತೀರಿ, ಹೌದೋ ಅಲ್ವೋ?

ಹನುಮಪ್ಪನ ಗುಡಿಗೆ ಒಂದು ಪ್ರದಕ್ಷಿಣೆ ಹಾಕಿ ನೋಡಿ. ನಿಮ್ಮ ಬಲಭುಜ ಯಾವಾಗಲೂ ದೇವರ ಕಡೆಗೇ ಇರುತ್ತದೆ. ಆದರೆ ಒಂದು ಸುತ್ತು ಮುಗಿಯುವಷ್ಟರಲ್ಲಿ ನಿಮ್ಮ ಮುಖ ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣ ಎಲ್ಲಾ ನೋಡಿರುತ್ತದೆ. ಅಂದರೆ ದೇವರ ಸುತ್ತ ಒಂದು ಸುತ್ತು, ನಿಮ್ಮ ಸುತ್ತಲೂ ಒಂದು ಸುತ್ತು! ಚಂದ್ರನದ್ದೂ ಅಷ್ಟೇ. ಎರಡಕ್ಕೂ 27.3 ದಿನ. ತಿರುಗದೇ ಇದ್ದಿದ್ದರೆ ತಿಂಗಳೊಳಗೆ ಅವನ ಬೆನ್ನೂ ನಮಗೆ ಕಾಣುತ್ತಿತ್ತು.

ಸರಿ, ಎರಡೂ ಕರೆಕ್ಟಾಗಿ ಹೇಗೆ ಸಿಂಕ್ ಆದವು? ಉತ್ತರ ಇರುವುದು ಉಬ್ಬರವಿಳಿತದಲ್ಲಿ. ನನಗೆ ಸಿಟ್ಟು ಬರುವುದೂ ಇಲ್ಲೇ. ಶಾಲೆಯಲ್ಲಿ ಆ ಪಾಠ ಬಂದಾಗ ನಮ್ಮ ಮಾಸ್ತರು "ಇದು ಸಮುದ್ರದ ಕಡೆಯವರಿಗೆ, ನಮಗ್ಯಾಕ" ಅಂತ ಎರಡು ಪುಟ ಹಾರಿಸಿಬಿಟ್ಟಿದ್ದರು. ನಾವೆಲ್ಲ ತೊಗರಿ ಹೊಲ, ಸಿಮೆಂಟು ಧೂಳಿನ ಮಕ್ಕಳು. ವಾಡಿ ಜಂಕ್ಷನ್ನೇ ನಮಗೆ ದೊಡ್ಡ ಬಂದರು. ಯಾರೂ ಎದುರು ಮಾತಾಡಲಿಲ್ಲ.

ಆದರೆ ಉಬ್ಬರಕ್ಕೆ ನೀರೇ ಬೇಕಂತಿಲ್ಲ ಸ್ವಾಮಿ. ಭೂಮಿ ಚಂದ್ರನನ್ನು ಎಳೆಯುವಾಗ ಹತ್ತಿರದ ಬದಿಯನ್ನು ಜಾಸ್ತಿ, ದೂರದ ಬದಿಯನ್ನು ಕಡಿಮೆ ಎಳೆಯುತ್ತದೆ. ಹಾಗಾಗಿ ಇಡೀ ಬಂಡೆಯ ಗೋಳವೇ ಸ್ವಲ್ಪ ಉದ್ದಕ್ಕೆ ಹಿಗ್ಗುತ್ತದೆ. ಮೊದಮೊದಲು ಚಂದ್ರ ನಮಗೆ ತುಂಬಾ ಹತ್ತಿರವಿದ್ದ, ಈಗಿಗಿಂತ ಜೋರಾಗಿ ತಿರುಗುತ್ತಿದ್ದ. ತಿರುಗುವ ರಭಸಕ್ಕೆ ಆ ಉಬ್ಬು ಭೂಮಿಯ ನೇರದಿಂದ ಮುಂದಕ್ಕೆ ಹೋಗುತ್ತಿತ್ತು, ಭೂಮಿ ಅದನ್ನು ಹಿಡಿದು ಹಿಂದಕ್ಕೆ ಎಳೆಯುತ್ತಿತ್ತು. ಸೈಕಲ್ಲಿಗೆ ಬ್ರೇಕು ಒತ್ತಿದ ಹಾಗೆ. ಒಳಗೊಳಗೇ ಬಂಡೆ ತಿಕ್ಕಿ ಬಿಸಿಯಾಗಿ, ವೇಗ ಇಳಿದು ಇಳಿದು, ಉಬ್ಬು ಭೂಮಿಗೆ ನೇರವಾಗಿ ನಿಂತ ಮೇಲೆ ಎಳೆಯಲು ಏನೂ ಉಳಿಯಲಿಲ್ಲ. ಅವತ್ತಿನಿಂದ ಅದೇ ಮಾರಿ.

ಇದೇ ಆಟ ಚಂದ್ರ ನಮ್ಮ ಮೇಲೂ ಆಡುತ್ತಾನೆ. ಸೇಡಂ, ಚಿತ್ತಾಪುರದ ನೆಲ ಕೂಡ ದಿನಕ್ಕೆರಡು ಸಲ ಹೆಚ್ಚುಕಡಿಮೆ ಒಂದಡಿ ಮೇಲೆದ್ದು ಇಳಿಯುತ್ತದೆ. ಊರಿಗೆ ಊರೇ ಒಟ್ಟಿಗೆ ಏಳುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ ಅಷ್ಟೇ. ಸಮುದ್ರ ಇಲ್ಲದವರಿಗೆ ಉಬ್ಬರ ಇಲ್ಲ ಅಂದವರು ಯಾರು?

ಇನ್ನೊಂದು ವಿಷಯ. ನಮ್ಮಪ್ಪ ಶಹಾಬಾದಿನ ಗಣಿಯಲ್ಲಿ ಇಪ್ಪತ್ತು ವರ್ಷ ಫರಸಿ ಎಬ್ಬಿಸಿದವರು. ನಿಮ್ಮಲ್ಲಿ ಎಷ್ಟೋ ಜನರ ಅಡುಗೆಮನೆಯಲ್ಲಿ ಹಾಸಿರುವ ಶಹಾಬಾದ್ ಕಲ್ಲು ಅದೇ. ಪುಸ್ತಕದ ಹಾಳೆಯಂತೆ ಪದರು ಪದರಾಗಿ ಏಳುತ್ತದೆ. ಅದು ಸುಣ್ಣದಕಲ್ಲು, ಡೈನೋಸಾರುಗಳಿಗಿಂತ ಎಷ್ಟೋ ಹಿಂದೆ ಸಮುದ್ರದ ತಳದಲ್ಲಿ ಕೂತ ಕೆಸರು. ಭೂವಿಜ್ಞಾನದವರು ಇದನ್ನು ಭೀಮಾ ಬೇಸಿನ್ ಅಂತಾರೆ. ಆ ಸಮುದ್ರದ ಮೇಲೆ ಚಂದ್ರ ಇನ್ನೂ ಹತ್ತಿರವಿದ್ದ, ಭೂಮಿಯ ದಿನ 24 ಗಂಟೆಗಿಂತ ಚಿಕ್ಕದಿತ್ತು. ನಾಲ್ಕು ವರ್ಷದ ಹಿಂದೆ ಅಪ್ಪನನ್ನು ಮಲ್ಪೆಗೆ ಕರೆದುಕೊಂಡು ಹೋಗಿ ಇದನ್ನೆಲ್ಲ ಹೇಳಿದೆ. ಅವರು ಸಮುದ್ರ ನೋಡಿದ್ದು ಅದೇ ಮೊದಲು. ಬಹಳ ಹೊತ್ತು ನೀರನ್ನೇ ನೋಡುತ್ತಾ ನಿಂತರು. ಆಮೇಲೆ "ಹಂಗಾರ ಇಷ್ಟು ದಿನ ನಾ ಒಡದಿದ್ದು ಇದರ ತಳಾನೇ ಏನು" ಅಂದರು. ನನಗೆ ಗಂಟಲು ಕಟ್ಟಿತು. ಕಂಪನಿಯಲ್ಲಿ ಎಷ್ಟೋ ಪ್ರೆಸೆಂಟೇಶನ್ ಕೊಟ್ಟಿದ್ದೇನೆ, ಅಂಥ ಕೇಳುಗ ಸಿಕ್ಕಿಲ್ಲ.

ನಮ್ಮ ಕಡೆಯವನೇ ಆದ ಅಮೋಘವರ್ಷ ನೃಪತುಂಗ, ಅದೇ ಸೇಡಂ ಹತ್ತಿರದ ಮಳಖೇಡದವನು, ನೋಡಿದ್ದೂ ಇದೇ ಮುಖ, ಇದೇ ಮೊಲ. ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. ಆ ಲೆಕ್ಕದಲ್ಲಿ 9ನೇ ಶತಮಾನದಿಂದ ಇಲ್ಲಿಯವರೆಗೆ ಸರಿದಿದ್ದು ಬರೀ 44 ಮೀಟರ್ ಆಸುಪಾಸು. ಕಾಗಿಣಾ ಹೊಳೆ ದಾಟಿದಷ್ಟೂ ಆಗಲಿಕ್ಕಿಲ್ಲ!

ಬೆನ್ನಂತೂ ಇದೆ. 1959ರಲ್ಲಿ ಸೋವಿಯತ್ ನೌಕೆ ಲೂನಾ 3 ಮೊದಲ ಸಲ ಅದರ ಫೋಟೋ ತೆಗೆಯಿತು, 2024ರಲ್ಲಿ ಚೀನಾದ ಚಾಂಗ್'ಇ 6 ಅಲ್ಲಿಂದ ಮಣ್ಣನ್ನೇ ತಂದಿತು. ಅದು ಸದಾ ಕತ್ತಲಿನ ಬದಿ ಅನ್ನುವುದು ಸುಳ್ಳು. ನಮಗೆ ಅಮಾವಾಸ್ಯೆ ಇದ್ದಾಗ ಅಲ್ಲಿ ಝಗಝಗ ಬಿಸಿಲು. ಆ ಕಡೆ ದೊಡ್ಡ ಕಪ್ಪು ಕಲೆಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಂದರೆ ಮೊಲ ಇಲ್ಲ. ಚಿಂಚೋಳಿ ಕಾಡಿನ ಕಡೆ ದೀಪವಿಲ್ಲದ ಜಾಗದಲ್ಲಿ ನಿಂತು ಒಮ್ಮೆ ಮೊಲ ನೋಡಿ, ಬೆಂಗಳೂರಿನ ಚಂದ್ರ ಬೇಡವಾಗುತ್ತಾನೆ.

ಅಂದಹಾಗೆ ಭೂಮಿಗೂ ಬ್ರೇಕು ಬೀಳುತ್ತಲೇ ಇದೆ, ಶತಮಾನಕ್ಕೆ ಸುಮಾರು ಎರಡು ಮಿಲಿಸೆಕೆಂಡಿನಷ್ಟು ದಿನ ಉದ್ದವಾಗುತ್ತಿದೆ. ಹೀಗೇ ಮುಂದುವರಿದರೆ ಒಂದು ದಿನ ನಾವೂ ಚಂದ್ರನಿಗೆ ಒಂದೇ ಮುಖ ತೋರಿಸುತ್ತಾ ನಿಲ್ಲಬೇಕು. ಪ್ಲೂಟೋ ಮತ್ತು ಅದರ ಉಪಗ್ರಹ ಕೇರಾನ್ ಈಗಾಗಲೇ ಹಾಗೆ ನಿಂತಿವೆ. ಆಗ ಅರ್ಧ ಭೂಮಿಗೆ ಚಂದ್ರನೇ ಕಾಣುವುದಿಲ್ಲ. ಸೇಡಂ ಯಾವ ಅರ್ಧಕ್ಕೆ ಬೀಳುತ್ತದೋ ಅಂತ ನಮ್ಮ ಹುಡುಗಿ ಈಗಿನಿಂದಲೇ ತಲೆ ಕೆಡಿಸಿಕೊಳ್ಳುವುದು ಬೇಡ, ಅಷ್ಟು ಕಾಲ ಸೂರ್ಯನೇ ಬಾಳುವುದಿಲ್ಲ.