ಒಂಬತ್ತು ಜನರ ಹಾಕಿ ತಂಡ

ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದ ಬಸ್ಸು ಗುಡ್ಡೆಹೊಸೂರು ಬಿಟ್ಟು ಆನೆಕಾಡಿನ ನೆರಳಿಗೆ ಹೊಕ್ಕಿತೆಂದರೆ ಕೊಡಗಿಗೆ ಬಂದೆವು ಎಂದು ಪ್ರವಾಸಿಗರು ಕಿಟಕಿ ತೆಗೆಯುತ್ತಾರೆ. ನಮ್ಮಂಥವರು ಕಿಟಕಿ ಮುಚ್ಚುತ್ತೇವೆ. ಈ ರಸ್ತೆಯಲ್ಲಿ ಓಡಾಡಿ ಸವೆದವರಿಗೆ ಗಾಳಿಗಿಂತ ನಿದ್ದೆ ಮುಖ್ಯ. ಆದರೆ 2025ರ ಮೇ ತಿಂಗಳ ಎರಡನೇ ವಾರದ ಆ ಬೆಳಿಗ್ಗೆ ನನಗೆ ನಿದ್ದೆ ಹತ್ತಲಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಕೆಲವೇ ದಿನಗಳಾಗಿದ್ದವು. ನನ್ನ ಹಳೆಯ ಶಾಲೆಯ ಹುಡುಗನೊಬ್ಬನ ತಂದೆ ಫೋನು ಮಾಡಿ, "ಸಾರ್, ಒಮ್ಮೆ ಬಂದು ಹೋಗಿ. ಇವ ನಮ್ಮ ಮಾತು ಕೇಳುದಿಲ್ಲ" ಎಂದಿದ್ದರು.

ಆ ಶಾಲೆ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿಯ ಬದಿಯಲ್ಲಿದೆ. ಹೆಸರು ಬೇಡ. ಅಂಥ ಶಾಲೆಗಳು ಆ ದಾರಿಯಲ್ಲಿ ಒಂದೆರಡಲ್ಲ. ಹಂಚಿನ ಮಾಡು, ಪಾಚಿ ಕಟ್ಟಿದ ಗೋಡೆ, ಮುಂದೊಂದು ಇಳಿಜಾರಿನ ಅಂಗಳ, ಅದರಾಚೆ ಕಾಫಿ ತೋಟ. ಹನ್ನೊಂದು ವರ್ಷ ಅಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಪಾಠ ಮಾಡಿದೆ. ವರ್ಗಾವಣೆಯಾಗಿ ಹೊರಡುವಾಗ ಶಾಲೆಯಲ್ಲಿದ್ದ ಮಕ್ಕಳು ನಲವತ್ತೇಳು.

ಮಡಿಕೇರಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಅರ್ಧ ಗಂಟೆ ಸಮಯವಿತ್ತು. ಕಾಲು ತಾನಾಗಿ ಮೈದಾನದ ಕಡೆ ನಡೆಯಿತು. ಮ್ಯಾನ್ಸ್ ಕಾಂಪೌಂಡ್ ಎಂದು ಹಳಬರು, ಜನರಲ್ ತಿಮ್ಮಯ್ಯ ಕ್ರೀಡಾಂಗಣ ಎಂದು ಫಲಕ ಹೇಳುವ ಜಾಗ ಅದು. ತಿಂಗಳ ಹಿಂದೆ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊಡವ ಕುಟುಂಬಗಳ ಹಾಕಿ ಹಬ್ಬ ಆ ವರ್ಷ ಮುದ್ದಂಡ ಕಪ್ ಹೆಸರಿನಲ್ಲಿ ಅಲ್ಲಿಯೇ ನಡೆದಿತ್ತು. 396 ಕುಟುಂಬಗಳ ತಂಡಗಳು! ಅದರ ಹಿಂದಿನ ವರ್ಷ, 2024ರಲ್ಲಿ, ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕಪ್ಪಿಗೆ 360 ತಂಡಗಳು ಬಂದು ಗಿನ್ನೆಸ್ ದಾಖಲೆಯಾಗಿತ್ತು. ಇದೆಲ್ಲ ಶುರುವಾದದ್ದು 1997ರಲ್ಲಿ, ಕರಡ ಗ್ರಾಮದಲ್ಲಿ. ಪಾಂಡಂಡ ಕುಟ್ಟಪ್ಪನವರ ಮುಂದಾಳತ್ವದಲ್ಲಿ 60 ಕುಟುಂಬಗಳು ಆಡಿದವು. ಒಂದೊಂದು ತಂಡ ಒಂದೊಂದು ಒಕ್ಕ. ಅಜ್ಜ ಗೋಲಿನಲ್ಲಿ ನಿಂತರೆ ಮೊಮ್ಮಗ ಮುನ್ನಡೆಯಲ್ಲಿ. ಹೆಂಗಸರೂ ಗಂಡಸರೊಂದಿಗೆ ಅದೇ ತಂಡದಲ್ಲಿ. ನೋಡಲು ಇದಕ್ಕಿಂತ ಚೆಂದದ ಆಟವನ್ನು ನಾನಂತೂ ಕಂಡಿಲ್ಲ.

ಈ ಪುಟ್ಟ ಜಿಲ್ಲೆ ದೇಶಕ್ಕೆ ಕೊಟ್ಟ ಆಟಗಾರರ ಪಟ್ಟಿ ನಮ್ಮ ಮಕ್ಕಳಿಗೆ ಬಾಯಿಪಾಠ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ತಂಡದ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, 1980ರ ಮಾಸ್ಕೋ ಚಿನ್ನದ ತಂಡದ ಎಂ.ಎಂ. ಸೋಮಯ್ಯ, ಮುಂದೆ ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ಕೆ. ಉತ್ತಪ್ಪ. ಈ ಸಾಲಿನಲ್ಲಿ ನಾನು ತರಗತಿಯಲ್ಲಿ ಹೆಚ್ಚು ಹೇಳುತ್ತಿದ್ದ ಹೆಸರು ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರದು. ಬಡಗಿ ಕೆಲಸದ ಮನೆಯಿಂದ ಬಂದು 2012ರ ಲಂಡನ್, 2016ರ ರಿಯೋ ಎರಡೂ ಒಲಿಂಪಿಕ್ಸಿನಲ್ಲಿ ಆಡಿದವರು. ಯಾಕೆ ಅವರ ಹೆಸರೇ ಎಂದರೆ, ನನ್ನ ಶಾಲೆಯ ಮಕ್ಕಳಲ್ಲಿ ಹೆಚ್ಚಿನವರಿಗೆ ಒಕ್ಕದ ತಂಡವೆಂಬುದು ಇರಲಿಲ್ಲ. ತೋಟದ ಲೈನುಮನೆಯ ಮಕ್ಕಳು ಅವರು. ಮನೆಯಲ್ಲಿ ತಮಿಳೋ ತುಳುವೋ ಮಲಯಾಳವೋ, ಶಾಲೆಯಲ್ಲಿ ಕನ್ನಡ. ಏಪ್ರಿಲಿನಲ್ಲಿ ಹಬ್ಬ ನಡೆಯುವಾಗ ಬೇಲಿಯಾಚೆ ನಿಂತು ನೋಡುವವರು. ಇದು ದೂರಲ್ಲ. ಕುಟುಂಬದ ಹಬ್ಬ ಕುಟುಂಬದವರದೇ ತಾನೆ. ಆದರೆ ಬೇಲಿಯಾಚೆ ನಿಂತವನಿಗೂ ಆಡುವ ಜಾಗವೊಂದು ಬೇಕಲ್ಲ. ಅದು ಶಾಲೆ.

ಬಸ್ಸು ತಾಳತ್ತಮನೆ ಕಳೆದು ಮದೆನಾಡಿನ ತಿರುವುಗಳಿಗೆ ಬಂತು. ಮಡಿಕೇರಿಯಿಂದ ಸಂಪಾಜೆಗೆ ಸುಮಾರು 30 ಕಿಲೋಮೀಟರು. ಅಷ್ಟರಲ್ಲಿ ರಸ್ತೆ ಸುಮಾರು 1,000 ಮೀಟರ್ ಕೆಳಗಿಳಿಯುತ್ತದೆ. ಓರೆತಲದ ಪಾಠಕ್ಕೆ ನಾನು ಹಲಗೆ, ಗಾಲಿ ಹುಡುಕಿದವನಲ್ಲ. ಮಕ್ಕಳನ್ನು ಶಾಲೆಯ ಗೇಟಿನ ಬಳಿ ನಿಲ್ಲಿಸಿ ಲಾರಿಗಳನ್ನು ತೋರಿಸಿದರೆ ಸಾಕಿತ್ತು. ನೆಟ್ಟಗೆ ಏರಿದರೆ ದಾರಿ ಕಡಿಮೆ, ಬಲ ಹೆಚ್ಚು. ಸುತ್ತಿ ಏರಿದರೆ ದಾರಿ ಹೆಚ್ಚು, ಬಲ ಕಡಿಮೆ. ಮಾಡುವ ಕೆಲಸ, ಘರ್ಷಣೆಯನ್ನು ಬಿಟ್ಟರೆ, ಎರಡರಲ್ಲೂ ಒಂದೇ. ಮಡಿಕೇರಿಯ ಮೂಡಣಕ್ಕೆ ಬಿದ್ದ ಮಳೆ ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಈ ಇಳಿಜಾರಿನಲ್ಲಿ ಬಿದ್ದದ್ದು ಪಯಸ್ವಿನಿಯಾಗಿ ಸುಳ್ಯ ದಾಟಿ, ಕಾಸರಗೋಡಿನಲ್ಲಿ ಚಂದ್ರಗಿರಿಯೆನಿಸಿ ಅರಬ್ಬೀ ಸಮುದ್ರಕ್ಕೆ.

ಜೋಡುಪಾಲದಲ್ಲಿ ಬಸ್ಸಿನೊಳಗಿನ ಮಾತು ತಾನಾಗಿ ತಗ್ಗುತ್ತದೆ. 2018ರ ಆಗಸ್ಟ್ ಮಧ್ಯದಲ್ಲಿ ಇಲ್ಲಿಯೂ ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲುಗಳಲ್ಲಿಯೂ ಗುಡ್ಡಗಳು ಕುಸಿದವು. ಮಣ್ಣಿನ ಕಣಗಳ ನಡುವೆ ನೀರು ತುಂಬಿಕೊಂಡಾಗ ಆ ನೀರು ಕಣಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ. ಅವುಗಳ ಹಿಡಿತ ಸಡಿಲಾಗುತ್ತದೆ. ಗುಡ್ಡದ ಬುಡವನ್ನು ರಸ್ತೆಗೋ ಮನೆಗೋ ಕಡಿದಿದ್ದರೆ ಆಧಾರವೂ ಹೋಯಿತು. ಆಮೇಲೆ ಕೆಳಗೆ ಬರುವುದು ಮಣ್ಣಲ್ಲ, ಮಣ್ಣಿನ ಹೊಳೆ. ಇದನ್ನೆಲ್ಲ ನಾನು ಆ ಮಳೆಗಾಲಕ್ಕೆ ಮುಂಚೆಯೂ ಪಾಠ ಮಾಡಿದ್ದೆ. ಪಾಠ ಮಾಡುವಾಗ ಕಿಟಕಿಯಾಚೆ ಇದ್ದ ಗುಡ್ಡವನ್ನು ಒಮ್ಮೆಯೂ ಬೆರಳು ತೋರಿಸಿ ಹೇಳಿರಲಿಲ್ಲ. ಹೆದ್ದಾರಿ ಮುಚ್ಚಿತು. ಸಂಪಾಜೆ, ಕಲ್ಲುಗುಂಡಿ, ಅರಂತೋಡುಗಳ ಕಡೆ ಶಾಲೆಗಳೇ ಗಂಜಿಕೇಂದ್ರಗಳಾದವು. ಬೆಂಚುಗಳನ್ನು ಜೋಡಿಸಿ ಮಂಚ ಮಾಡಿದರು. ನನ್ನ ಮಕ್ಕಳು ತಮ್ಮದೇ ತರಗತಿಯಂಥ ತರಗತಿಗಳಲ್ಲಿ ಹಾಸಿಗೆ ಸುತ್ತಿಕೊಂಡು ಕೂತಿದ್ದನ್ನು ನೋಡಿದೆ. ಆ ವರ್ಷ ಕೆಲವು ಮನೆಗಳು ಗುಡ್ಡ ಬಿಟ್ಟು ಕೆಳಗೆ ಹೋದವು. ಹಾಜರಿ ಪುಸ್ತಕದ ಪುಟ ತೆಳ್ಳಗಾದದ್ದು ಆಗಿನಿಂದ.

ತೆಳ್ಳಗಾದ ಶಾಲೆಯ ಮೊದಲ ನಷ್ಟ ಪಾಠವಲ್ಲ, ಆಟ. ನಲವತ್ತೇಳು ಮಕ್ಕಳಿಗೂ ಲೆಕ್ಕದ ಪಾಠ ನಡೆಯುತ್ತದೆ, ಇನ್ನೂ ಚೆನ್ನಾಗಿಯೇ ನಡೆಯುತ್ತದೆ. ಆದರೆ ಹಾಕಿಗೆ ಹನ್ನೊಂದು ಜನ ಬೇಕು. ಚಿಕ್ಕವರು, ಉಬ್ಬಸದವರು, ಮನೆಯಲ್ಲಿ ಬಿಡದವರು ಇವರನ್ನೆಲ್ಲ ಕಳೆದರೆ ನನ್ನ ಬಳಿ ಉಳಿಯುತ್ತಿದ್ದ ಹುಡುಗರು ಒಂಬತ್ತು. ದೈಹಿಕ ಶಿಕ್ಷಕರ ಹುದ್ದೆ ಖಾಲಿ. ಸೀಟಿ ನನ್ನ ಕೊರಳಿಗೆ ಬಿತ್ತು. ಅಭ್ಯಾಸಕ್ಕೆ ಹುಡುಗಿಯರನ್ನೂ ಸೇರಿಸಿಕೊಂಡೆವು. ಅವರಲ್ಲಿಬ್ಬರ ಕೈಚಳಕದ ಮುಂದೆ ಹುಡುಗರು ಬೆಪ್ಪಾಗುತ್ತಿದ್ದರು. ಅಂಗಳ ಇಳಿಜಾರಾದ್ದರಿಂದ ಚೆಂಡು ಒಂದೇ ದಿಕ್ಕಿಗೆ ಉರುಳುತ್ತಿತ್ತು. ಮೇಲಿನ ಗೋಲಿಗೆ ಹೊಡೆದವನಿಗೆ ಎರಡು ಗೋಲು ಎಂದು ನಮ್ಮದೇ ಒಂದು ಕಾನೂನು ಮಾಡಿಕೊಂಡಿದ್ದೆವು.

ಒಂದು ಸಲ ಆ ಒಂಬತ್ತು ಮಂದಿಯನ್ನೇ ಪಂದ್ಯಕ್ಕೆ ಕರೆದುಕೊಂಡು ಹೋದೆ. ಹನ್ನೊಂದಕ್ಕಿಂತ ಹೆಚ್ಚು ಆಟಗಾರರು ಇರಬಾರದು ಎಂದಿದೆಯಲ್ಲ, ನಮ್ಮದು ಕಡಿಮೆ ತಾನೆ ಎಂದು ವಾದಿಸಿದೆ. ತೀರ್ಪುಗಾರರು ನಕ್ಕು ಬಿಟ್ಟರು. ಸೊನ್ನೆಗೆ ಆರು ಗೋಲುಗಳಿಂದ ಸೋತೆವು. ಬರುವಾಗ ಬಸ್ಸಿನಲ್ಲಿ ಹುಡುಗರು ಹಾಡಿದರು, ಗೆದ್ದವರ ಹಾಗೆ.

ನಮ್ಮ ಈ ಕಷ್ಟ ನಮ್ಮದೊಂದೇ ಅಲ್ಲವೆಂದು ಆಮೇಲೆ ಓದಿ ತಿಳಿದೆ. ಅಮೆರಿಕದ ನಡುಭಾಗದ ಬಯಲುಸೀಮೆಯಲ್ಲಿ, ಜೋಳದ ಹೊಲಗಳ ನಡುವಿನ ಸಣ್ಣ ಊರುಗಳಲ್ಲಿ ಶಾಲೆಯ ಫುಟ್ಬಾಲ್ ತಂಡವೆಂದರೆ ಊರಿನ ಮಾನ. ಶುಕ್ರವಾರ ರಾತ್ರಿಯ ಪಂದ್ಯಕ್ಕೆ ಇಡೀ ಊರು ಸೇರುತ್ತದೆ. ಅವರ ಫುಟ್ಬಾಲ್ ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ; ಅದಕ್ಕೂ ಹನ್ನೊಂದು ಜನವೇ. 1930ರ ದಶಕದ ಕಷ್ಟಕಾಲದಲ್ಲಿ ಸಣ್ಣ ಶಾಲೆಗಳಿಗೆ ಅಷ್ಟು ಹುಡುಗರು ಸಿಗದಾದಾಗ ನೆಬ್ರಾಸ್ಕ ರಾಜ್ಯದ ಸ್ಟೀಫನ್ ಎಪ್ಲರ್ ಎಂಬ ಶಾಲಾ ಮೇಷ್ಟ್ರು ಆರು ಜನರ ಫುಟ್ಬಾಲ್ ರೂಪಿಸಿದರು. ಮೊದಲ ಪಂದ್ಯ 1934ರಲ್ಲಿ ಹೆಬ್ರಾನ್ ಎಂಬ ಊರಿನಲ್ಲಿ ನಡೆಯಿತು. ಈಗಲೂ ಅಲ್ಲಿನ ಸಣ್ಣ ಶಾಲೆಗಳು ಆರು ಜನರ, ಎಂಟು ಜನರ ಆಟವಾಡುತ್ತವೆ. ಹಾಕಿಯಲ್ಲೂ ಐದು ಜನರ ಆಟವಿದೆ. 2014ರ ಯುವ ಒಲಿಂಪಿಕ್ಸಿನಲ್ಲಿ ಆಡಿಸಿದ್ದರು. ಮಕ್ಕಳಿಲ್ಲ ಎಂದು ಆಟ ನಿಲ್ಲಿಸುವ ಬದಲು ಆಟವನ್ನೇ ಮಕ್ಕಳ ಅಳತೆಗೆ ಕತ್ತರಿಸಬಹುದು ಎಂದು ನಮ್ಮ ಸಭೆಗಳಲ್ಲಿ ಒಂದೆರಡು ಸಲ ಹೇಳಿದೆ. ಟಿಪ್ಪಣಿ ಬರೆದುಕೊಂಡರು.

ಹುಡುಗನ ಮನೆ ಹೆದ್ದಾರಿಯಿಂದ ಒಂದು ಕಿಲೋಮೀಟರು ಒಳಗೆ. ಲೈನುಮನೆಯ ಜಗಲಿಯಲ್ಲಿ ತಂದೆ ಕಾಯುತ್ತಿದ್ದರು. ತಾಯಿ ಕಪ್ಪು ಕಾಫಿ ತಂದಿಟ್ಟರು, ಬೆಲ್ಲ ಹಾಕಿದ್ದು. ಹುಡುಗ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದ, ವಿಜ್ಞಾನದಲ್ಲಿ ಎಪ್ಪತ್ತೊಂದು. ಅವನಿಗೆ ಕ್ರೀಡಾ ವಸತಿನಿಲಯದ ಆಯ್ಕೆಗೆ ಹೋಗಬೇಕು, ಅಲ್ಲಿದ್ದುಕೊಂಡೇ ಪಿಯುಸಿ ಓದಬೇಕು. ತಂದೆಗೆ ಅವನನ್ನು ಸುಳ್ಯದ ಕಡೆ ಐಟಿಐಗೆ ಸೇರಿಸಬೇಕು.

"ಎರಡು ವರ್ಷದಲ್ಲಿ ಕೈಗೊಂದು ಕೆಲಸ ಆಗ್ತದೆ ಸಾರ್. ಆಟದಲ್ಲಿ ಅನ್ನ ಉಂಟಾ? ನೀವೇ ಹೇಳಿ."

ನನಗೆ ಗೊತ್ತಿದ್ದನ್ನೆಲ್ಲ ಹೇಳಿದೆ. ಆಯ್ಕೆಯಲ್ಲಿ ಎತ್ತರ, ತೂಕ ಅಳೆದು ಓಡಿಸಿ, ಜಿಗಿಸಿ ನೋಡುತ್ತಾರೆ. ಸಿಕ್ಕಿಯೇ ಸಿಗುತ್ತದೆಂದು ಹೇಳಲಾಗದು. ಸಿಕ್ಕರೆ ಊಟ, ವಸತಿ, ತರಬೇತಿ ಇರುತ್ತದೆ. ಚೆನ್ನಾಗಿ ಆಡಿದವರಿಗೆ ರೈಲ್ವೆ, ಪೊಲೀಸು, ಸೇನೆಗಳಲ್ಲಿ ಕ್ರೀಡಾ ಕೋಟಾ ಇದೆ. ಹಾಗೆ ಆಡುವವರು ನೂರರಲ್ಲಿ ಎಷ್ಟು ಮಂದಿ ಎಂಬುದನ್ನೂ ಮುಚ್ಚಿಡಲಿಲ್ಲ. ಇವನು ಕಲಿತದ್ದು ಮಣ್ಣಿನಲ್ಲಿ. ಅಲ್ಲಿ ಚೆಂಡು ಪುಟಿಯುತ್ತದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದ ದೊಡ್ಡ ಪಂದ್ಯಗಳೆಲ್ಲ ಕೃತಕ ಹಾಸಿನ ಮೇಲೆಯೇ, ಅಲ್ಲಿ ಚೆಂಡು ಜಾರುತ್ತದೆ. ಅದಕ್ಕೆ ಒಗ್ಗಿಕೊಳ್ಳಲು ವರ್ಷ ಹಿಡಿಯಬಹುದು. ಕೂಡಿಗೆ, ಪೊನ್ನಂಪೇಟೆಗಳಲ್ಲಿ ಅಂಥ ಹಾಸು ಇದೆ, ಇಲ್ಲಿಲ್ಲ.

ಹುಡುಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. "ಐಟಿಐಗೆ ಮುಂದಿನ ವರ್ಷವೂ ಹೋಗಬಹುದು ಸಾರ್. ಆಯ್ಕೆಗೆ ಆಗುದಿಲ್ಲ" ಎಂದ. ಅದು ಲೆಕ್ಕ. ನಾನು ಕಲಿಸಿದ್ದೇ.

ಅವನ ತಂದೆಗೆ ನಾನು ಇನ್ನೊಂದು ಸಂಗತಿ ಹೇಳಿದೆ. 2003ರಲ್ಲಿ ಬೇರೊಂದು ಶಾಲೆಯಲ್ಲಿದ್ದಾಗ ಹತ್ತನೇ ತರಗತಿಯ ಒಬ್ಬ ಹುಡುಗನನ್ನು ತಾಲೂಕು ಮಟ್ಟದ ಪಂದ್ಯಕ್ಕೆ ಕಳಿಸದೆ ವಿಶೇಷ ತರಗತಿಯಲ್ಲಿ ಕೂರಿಸಿದೆ. ಮನೆಯವರೂ ನನ್ನ ಮಾತಿಗೆ ತಲೆಯಾಡಿಸಿದರು. ಅವನು ದ್ವಿತೀಯ ದರ್ಜೆಯಲ್ಲಿ ಪಾಸಾದ. ಮತ್ತೆ ಸ್ಟಿಕ್ಕು ಹಿಡಿಯಲಿಲ್ಲ. ಈಗ ಇದೇ ರಸ್ತೆಯಲ್ಲಿ ಪಿಕಪ್ ಓಡಿಸುತ್ತಾನೆ. ಸಿಕ್ಕಾಗಲೆಲ್ಲ ಹತ್ತಿಸಿಕೊಳ್ಳುತ್ತಾನೆ, ಬಾಡಿಗೆ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಒಮ್ಮೆ ನಾನಾಗಿಯೇ ಆ ವಿಷಯ ಎತ್ತಿದೆ. "ಆಡಿದ್ದರೂ ಇದೇ ಗಾಡಿ ಓಡಿಸ್ತಿದ್ದೆನೋ ಏನೋ ಸಾರ್, ಯಾರಿಗೆ ಗೊತ್ತು?" ಎಂದು ಗೇರು ಬದಲಿಸಿದ. ಸಿಟ್ಟಿನಿಂದ ಹೇಳಿದ್ದಲ್ಲ. ಆದರೆ ಆ 'ಯಾರಿಗೆ ಗೊತ್ತು' ಎಂಬುದು ನನ್ನ ತಲೆಯಲ್ಲಿ ಉಳಿದುಕೊಂಡಿದೆ.

ತಂದೆ ತುಂಬ ಹೊತ್ತು ಮಾತಾಡಲಿಲ್ಲ. ಕೊನೆಗೆ ಮಗನ ಕಡೆ ನೋಡದೆಯೇ ನನ್ನನ್ನು ಕೇಳಿದರು: "ಆಯ್ಕೆಗೆ ಹೋಗ್ಲಿಕ್ಕೆ ಶೂ ಬೇಕಾ ಸಾರ್?"

ಬೇಕು ಎಂದೆ. ಅವನ ಕಾಲಿನ ಅಳತೆಯನ್ನು ಹಳೆಯ ನೋಟ್‌ಬುಕ್ಕಿನ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ತೆಗೆದುಕೊಂಡೆವು. ಮಡಿಕೇರಿಯಲ್ಲಿ ಕೊಳ್ಳುವುದೆಂದಾಯಿತು. ಅರ್ಧ ದುಡ್ಡು ಅವರದು, ಅರ್ಧ ನನ್ನದು. ಪೂರ್ತಿ ಕೊಡುತ್ತೇನೆಂದರೆ ಅವರು ಒಪ್ಪಲಿಲ್ಲ.

ಹೆದ್ದಾರಿಗೆ ಬಂದು ಬಸ್ಸಿಗೆ ಕಾಯುವಾಗ ಶಾಲೆಯ ಗೇಟಿಗೆ ಬೀಗ ಹಾಕಿತ್ತು. ಅಂಗಳದ ಕೆಳಗಿನ ಗೋಲಿನ ಕಂಬಗಳು ಹಾಗೆಯೇ ಇದ್ದವು, ಮೇಲಿನದರಲ್ಲಿ ಒಂದನ್ನು ಯಾರೋ ಬೇಲಿಗೆ ಕಿತ್ತುಕೊಂಡು ಹೋಗಿದ್ದರು. ಮಂಗಳೂರಿನಿಂದ ಬಂದ ಬಸ್ಸು ತುಂಬಿತ್ತು. ನಿಂತುಕೊಂಡೇ ಘಾಟಿ ಹತ್ತಿದೆ. ಮಡಚಿದ ಹಾಳೆ ಅಂಗಿಯ ಜೇಬಿನಲ್ಲಿತ್ತು.